ತೊಂಬತ್ತೇಳು

"ಕೊನೆಗೂ ತೆಗೆದೇಬಿಟ್ರು ನೋಡು," ಅಂದ ಕಟುಕರ ಅಂಗಡಿಯ ಕೀತ್ ಪೋಲ್, ಬೇಕರಿಯ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದ. "ಒಳಗೆ, ಕಾನರ್. ಹೊರಗೆ, ಬ್ರೋಡಿ ಲೆಹಾನ್. ಕಂಸದಲ್ಲಿ, ಕೈಬಿಡಲಾಗಿದೆ."

ಪ್ರತಿ ಶುಕ್ರವಾರ ಬೆಳಗ್ಗೆ ಎಂಟಕ್ಕೆ ನಮ್ಮೂರು ಟಾರವಿಕ್ಕಿನ ಫುಟ್‌ಬಾಲ್ ತಂಡದ ಪಟ್ಟಿಯನ್ನು ಬೇಕರಿಯ ಕಿಟಕಿಗೆ ಅಂಟಿಸುತ್ತಾರೆ. ನಮ್ಮದು ಆಸ್ಟ್ರೇಲಿಯಾದ ಫುಟ್‌ಬಾಲ್, ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಗುದ್ದಬಹುದು. ಎಂಟೂಕಾಲಿಗೆ ಊರಿನ ಅರ್ಧ ಬುದ್ಧಿವಂತರು ಅದರ ಮುಂದೆ ಸೇರಿರುತ್ತಾರೆ. ಉಳಿದರ್ಧ ಗಾಡಿಯಿಂದ ಇಳಿಯದೆ, ಗಾಜು ಇಳಿಸಿ, ಯಾರು ಒಳಗೆ ಯಾರು ಹೊರಗೆ ಅಂತ ಕೇಳಿಕೊಂಡು ಹೋಗುತ್ತಾರೆ. ಅವತ್ತು ಜನ ಎಂದಿಗಿಂತ ಹೆಚ್ಚೇ ಇದ್ದರು. ಮಾರನೆಯ ದಿನ ಲೀಗಿನ ಕೊನೆಯ ಸುತ್ತು. ಲೇಕ್ ಮೆರಿನ್ ತಂಡವನ್ನು ಸೋಲಿಸಿದರೆ ಏಳು ವರ್ಷದ ಮೇಲೆ ನಾವು ಫೈನಲ್ಸ್ ಸೇರುತ್ತೇವೆ. ಸೋತರೆ ಮುಂದಿನ ವರ್ಷದ ಆಟ ಶುರುವಾಗುವವರೆಗೆ ಬರೀ ಗೋಧಿಯ ಮಾತು, ಕುರಿಯ ಮಾತು.

ಮರ್ವ್ ಟ್ರೆವಿನ್ ಗುಂಪಿನ ಹಿಂದೆ ನಿಂತು ಮಾಂಸ ತುಂಬಿದ ಬಿಸಿ ಪೈ ತಿನ್ನುತ್ತಿದ್ದ. ಎಲ್ಲರೂ ತಿರುಗಿ ಅವನ ಮುಖವನ್ನೇ ನೋಡಿದರು. ಅರವತ್ತನಾಲ್ಕು ವರ್ಷದ ಮರ್ವ್ ಜಾನುವಾರು ಮೇವಿನ ಅಂಗಡಿ ಇಟ್ಟವನು. ಆರು ವಾರದಿಂದ ಮೇವು ಕೊಳ್ಳಲು ಬಂದವರಿಗೆಲ್ಲ ಮೇವಿನ ಜೊತೆಗೆ ಒಂದೇ ಪಾಠ ಕಟ್ಟಿ ಕಳಿಸಿದ್ದ: ಬ್ರೋಡಿಯನ್ನು ತೆಗೆಯದೆ ಈ ತಂಡ ಉದ್ಧಾರವಾಗುವುದಿಲ್ಲ. ಬ್ರೋಡಿ ಆಡುವುದು ಹಿಂಬದಿಯ ಮೂಲೆಯಲ್ಲಿ, ಎದುರಾಳಿ ಗೋಲಿನತ್ತ ನುಗ್ಗಿದಾಗ ತಡೆಯುವ ಜಾಗದಲ್ಲಿ. ಈ ವರ್ಷ ಮೊಣಕಾಲು ಮತ್ತೆ ಕೈಕೊಟ್ಟ ಮೇಲೆ ಅವನನ್ನು ದಾಟಿ ಯಾರು ಬೇಕಾದರೂ ಓಡುತ್ತಿದ್ದರು. ಅವನಿಗೆ 'ಗೇಟು' ಅಂತ ಹೆಸರಿಟ್ಟವನೂ ಮರ್ವೇ. ಆ ಹೆಸರು ಎರಡೇ ವಾರದಲ್ಲಿ ಊರೆಲ್ಲ ಹಬ್ಬಿತ್ತು. ತನ್ನ ಮಾತು ಬೇರೆಯವರ ಬಾಯಲ್ಲಿ ಕೇಳಿದಾಗ ಮರ್ವ್‌ಗೆ ಆಗುತ್ತಿದ್ದ ಖುಷಿ ಅಷ್ಟಿಷ್ಟಲ್ಲ.

ಶಾಲೆಯ ಬಸ್ಸು ಓಡಿಸುವ ಬೆವ್ ಮಾತ್ರ ಒಪ್ಪಲಿಲ್ಲ. ಹದಿನಾಲ್ಕು ವರ್ಷದಲ್ಲಿ ಬ್ರೋಡಿ ಕಾಲು ನೆಟ್ಟಗಿದ್ದಾಗ ಒಂದು ದಿನವೂ ಅಭ್ಯಾಸ ತಪ್ಪಿಸಿಲ್ಲ, ಕೆಸರಲ್ಲಿ ಚೆಂಡು ಹಿಡಿಯುವವರು ಅವನನ್ನು ಬಿಟ್ಟರೆ ಯಾರಿದ್ದಾರೆ, ಇಂಥ ಪಂದ್ಯಕ್ಕೆ ತಲೆ ಬಲಿತವರು ಬೇಕು, ಈ ಕಾನರ್ ಇನ್ನೂ ಇಪ್ಪತ್ತೆರಡರ ಹುಡುಗ ಅಂತ ವಾದಿಸಿದಳು. ತಲೆ ಬಲಿತು ಕಾಲು ಓಡದಿದ್ದರೆ ಏನು ಮಾಡೋದು ಅಂದ ಕೀತ್. ಹಳೆಯ ಕೋಚ್ ಇದ್ದಿದ್ದರೆ ಹೀಗೆ ಮಾಡುತ್ತಿರಲಿಲ್ಲ ಅಂದಳು ಬೆವ್. ಹಳೆಯ ಕೋಚ್ ಇದ್ದಿದ್ದರೆ ನಾವು ಈ ಪಂದ್ಯದವರೆಗೆ ಬರುತ್ತಲೂ ಇರಲಿಲ್ಲ ಅಂದ ಇನ್ನೊಬ್ಬ.

"ಬೆವ್, ಅವ್ನು ಕೆಟ್ಟೋನು ಅಂತ ನಾನೆಲ್ಲಾದ್ರೂ ಅಂದಿದೀನಾ?" ಅಂದ ಮರ್ವ್, ಬಾಯಿ ಒರೆಸಿಕೊಳ್ಳುತ್ತ. "ಗೇಟು ಒಳ್ಳೇದೇ ಕಣಮ್ಮ. ಆದ್ರೆ ಗೇಟು ಅಂದ್ಮೇಲೆ ಒಂದೊಂದ್ಸಲನಾದ್ರೂ ಮುಚ್ಕೋಬೇಕಲ್ಲ."

ಎಲ್ಲರೂ ನಕ್ಕರು. ಬೆವ್ ನಗಲಿಲ್ಲ. "ನಗ್ರಿ, ನಗ್ರಿ. ಅವರಮ್ಮ ಒಳಗೆ ಬ್ರೆಡ್ ತಗೊಳ್ತಾ ಇದಾಳೆ," ಅಂದಳು.

ಬೇಕರಿಯ ಬಾಗಿಲು ತೆರೆದು ಮರ್ಲೀನ್ ಲೆಹಾನ್ ಹೊರಬಂದಳು. ಕಂಕುಳಲ್ಲಿ ಎರಡು ಬ್ರೆಡ್ಡು. ಚಳಿ ಜೋರಾಗಿದೆ ಅಂದಳು, ಹೌದು ಅಂದರು. ಅವಳು ಪಟ್ಟಿಯ ಮುಂದೆ ನಿಂತು ಮೇಲಿನ ಹೆಸರಿನಿಂದ ಹಿಡಿದು ಕೊನೆಯ ಸಾಲಿನವರೆಗೆ ಒಂದೂ ಬಿಡದೆ ಓದಿದಳು. ಮಗನನ್ನು ಕೈಬಿಟ್ಟದ್ದು ಅವಳಿಗೆ ಹಿಂದಿನ ಸಂಜೆಯೇ ಗೊತ್ತಿರಬೇಕು, ಕೋಚ್ ಫೋನು ಮಾಡಿಯೇ ಹೇಳುತ್ತಾನೆ. ಆದರೂ ಓದಿದಳು. ಆಮೇಲೆ ಮರ್ವ್ ಕಡೆ ತಿರುಗಿ, ಏನೋ ಕೇಳಬೇಕು ಅನ್ನುವಂತೆ ಒಂದು ಕ್ಷಣ ನಿಂತಳು. ಕೇಳಲಿಲ್ಲ. ತನ್ನ ಕಾರಿನತ್ತ ಹೋದಳು.

ಅವಳು ಏನು ಕೇಳಬೇಕೆಂದಿದ್ದಳು ಅನ್ನುವುದು ಅಲ್ಲಿ ಮರ್ವ್ ಒಬ್ಬನಿಗೇ ಗೊತ್ತಿತ್ತು. ಉಳಿದ ಪೈಯನ್ನು ಅವನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದ.

ಯಾರು ಮೊದಲ ತಂಡಕ್ಕೆ ಎಷ್ಟು ಪಂದ್ಯ ಆಡಿದರು ಅನ್ನುವ ಲೆಕ್ಕ ನಮ್ಮ ಕ್ಲಬ್ಬಿನಲ್ಲಿ ಇಪ್ಪತ್ತಾರು ವರ್ಷದಿಂದ ಮರ್ವ್ ಬರೆಯುತ್ತ ಬಂದಿದ್ದಾನೆ. ಒಬ್ಬನಿಗೆ ನೂರನೆಯ ಪಂದ್ಯ ಬಂತೆಂದರೆ ಆ ವಾರದ ಸೋಮವಾರ ಮರ್ವ್ ಕ್ಲಬ್ಬಿನ ಹೆಂಗಸರಿಗೆ ಫೋನು ಮಾಡುತ್ತಾನೆ. ಅವರು ಬಣ್ಣದ ಕಾಗದ ಅಂಟಿಸಿ ಎರಡು ಗಳುಗಳ ನಡುವೆ ಎರಡಾಳೆತ್ತರದ ಪರದೆ ಕಟ್ಟುತ್ತಾರೆ. ಅದರ ಮೇಲೆ ಹೆಸರು, ನೂರು ಅನ್ನುವ ಅಂಕಿ. ಆಟಗಾರ ಅದನ್ನು ಎದೆಯಿಂದ ಹರಿದುಕೊಂಡು ಮೈದಾನಕ್ಕೆ ಓಡಿ ಬರುತ್ತಾನೆ. ಆಮೇಲೆ ಕ್ಲಬ್ಬಿನ ಗೋಡೆಯ ಹಲಗೆಯ ಮೇಲೆ ಹೊಂಬಣ್ಣದಲ್ಲಿ ಅವನ ಹೆಸರು ಏರುತ್ತದೆ, ಅವನು ಸತ್ತರೂ ಅಳಿಯುವುದಿಲ್ಲ. ಆದರೆ ನನ್ನದು ನೂರಾಗುತ್ತಿದೆ ಅಂತ ಆಟಗಾರ ತಾನಾಗಿ ಹೇಳುವ ಹಾಗಿಲ್ಲ. ಅವನ ಮನೆಯವರೂ ಕೇಳುವ ಹಾಗಿಲ್ಲ. ಕೇಳಿದರೆ ಊರು ಮೂರು ತಲೆಮಾರು ಆಡಿಕೊಳ್ಳುತ್ತದೆ. ಮರ್ವ್ ಹೇಳುವವರೆಗೆ ಕಾಯಬೇಕು. ಆ ಪರದೆಗೆ ಕಾಗದ ಅಂಟಿಸುವ ಹೆಂಗಸರಲ್ಲಿ ಮರ್ಲೀನ್ ಹಿರಿಯವಳು. ಮೂವತ್ತು ವರ್ಷದಿಂದ ಬೇರೆಯವರ ಮಕ್ಕಳ ನೂರನ್ನು ಅಂಟಿಸುತ್ತಿದ್ದಳು.

ಈ ಸೋಮವಾರ ಮರ್ವ್ ಪುಸ್ತಕ ತೆರೆದಾಗ ಬ್ರೋಡಿಯ ಹೆಸರಿನ ಮುಂದೆ ತೊಂಬತ್ತೊಂಬತ್ತು ಇತ್ತು.

ಮೂರು ವರ್ಷ ಮೊಣಕಾಲಿಗೆ ಹೋಗಿ, ನಾಲ್ಕು ವರ್ಷ ಎರಡನೆಯ ತಂಡದಲ್ಲಿ ಕಳೆದು, ಹೇಗೋ ತೆವಳಿಕೊಂಡು ಅಲ್ಲಿಗೆ ಬಂದಿದ್ದ. ಈ ಪಂದ್ಯ ಮುಗಿದ ಸೋಮವಾರವೇ ಮತ್ತೆ ಆಪರೇಷನ್, ಅದರ ಮೇಲೆ ಆಟ ಇಲ್ಲ ಅಂತ ಡಾಕ್ಟರು ಹೇಳಿದ್ದು ಊರಿಗೆಲ್ಲ ಗೊತ್ತಿತ್ತು. ನೂರನೆಯ ಪಂದ್ಯಕ್ಕೆ ನಿಂತವನನ್ನು ಟಾರವಿಕ್ ಯಾವತ್ತೂ ಕೈಬಿಟ್ಟಿಲ್ಲ, ಕಾಲು ಮುರಿದಿದ್ದರೂ ಬೆಂಚಿನ ಮೇಲೆ ಕೂರಿಸಿ ಲೆಕ್ಕ ತುಂಬಿಸಿದ್ದಿದೆ. ಮರ್ವ್ ಪುಸ್ತಕ ಮುಚ್ಚಿದ. ನಾಳೆ ಫೋನು ಮಾಡಿದರಾಯಿತು ಅಂದುಕೊಂಡ. ಮಂಗಳವಾರ ಹೊಸ ಕೋಚ್ ಅಂಗಡಿಗೆ ಬಂದ. ಮೆಲ್ಬರ್ನಿನಿಂದ ಬಂದು ಇನ್ನೂ ವರ್ಷ ತುಂಬದವನು, ಹಳಬರನ್ನು ಕೇಳದೆ ಹೆಜ್ಜೆ ಇಡಬಾರದು ಅನ್ನುವ ಭಯ ಅವನಿಗೆ. ಬ್ರೋಡಿಯನ್ನು ತೆಗೆಯಬೇಕು ಅಂತ ಇದ್ದೇನೆ, ನನಗೆ ಗೊತ್ತಿಲ್ಲದ್ದು ಏನಾದರೂ ಇದೆಯಾ ಅಂತ ಕೇಳಿದ. ಆರು ವಾರ ಬಡಿದುಕೊಂಡ ಮಾತು ಕೊನೆಗೂ ನಡೆಯುವ ಹೊತ್ತು. ಏನಿಲ್ಲ, ಧೈರ್ಯವಾಗಿ ತೆಗಿ ಅಂದ ಮರ್ವ್. ಎರಡೇ ಮಾತು. ಅಂದ ಮೇಲೆ ತಂಡದ ಒಳಿತಿಗೇ ಅಂದೆ ಅಂತ ತನಗೆ ತಾನೇ ಹೇಳಿಕೊಂಡ. ಅದನ್ನು ಬುಧವಾರ, ಗುರುವಾರವೂ ಹೇಳಿಕೊಳ್ಳಬೇಕಾಗಿ ಬಂತು.

ಶನಿವಾರ ಮಧ್ಯಾಹ್ನ ಮರ್ವ್ ತನ್ನ ಕಾರನ್ನು ಮೈದಾನದ ಬೇಲಿಗೆ ಮೂತಿ ತಾಗಿಸಿ, ಯಾವಾಗಲೂ ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿದ. ಸುತ್ತ ನೂರೈವತ್ತು ಕಾರುಗಳಾದರೂ ನಿಂತಿದ್ದವು. ಪಕ್ಕದ ಗಾಡಿಗಳಲ್ಲಿ ವಾದ ನಿಂತಿರಲಿಲ್ಲ, ಕೀತ್ ಮತ್ತು ಬೆವ್ ಬಾನೆಟ್ಟಿಗೆ ಒರಗಿ ನಿನ್ನೆ ಬಿಟ್ಟಲ್ಲಿಂದಲೇ ಹಿಡಿದಿದ್ದರು. ಕಾನರ್ ಬೆಳಗ್ಗೆಯಿಂದ ಎರಡು ಸಲ ವಾಂತಿ ಮಾಡಿಕೊಂಡಿದ್ದಾನಂತೆ ಅಂದಳು ಬೆವ್. ಅದು ಒಳ್ಳೆಯ ಲಕ್ಷಣ ಅಂದ ಕೀತ್.

ಒಂದು ಗಂಟೆ ಹತ್ತು ನಿಮಿಷಕ್ಕೆ ಮರ್ವ್‌ನ ಕಾರಿನ ಗಾಜನ್ನು ಯಾರೋ ಬೆರಳಿಂದ ತಟ್ಟಿದರು. ಬ್ರೋಡಿ. ಕ್ಲಬ್ಬಿನ ಕೆಂಪು ಜಾಕೆಟ್ಟು, ಹೆಗಲಲ್ಲಿ ಚೀಲ, ಚೀಲದ ಬಾಯಲ್ಲಿ ಬೂಟು ಇಣುಕುತ್ತಿತ್ತು. ಆಟಕ್ಕೆ ಮುಂಚೆ ಯಾರಾದರೂ ಕಾಯಿಲೆ ಬಿದ್ದರೆ ಇರಲಿ ಅಂತ ಅವನನ್ನು ಕಾಯ್ದಿರಿಸಿದ ಆಟಗಾರನಾಗಿ ಹೆಸರಿಸಿದ್ದರು. ಬೀಳದಿದ್ದರೆ ನೀರಿನ ಬಾಟಲಿ ಹೊರುವ ಕೆಲಸ. ಒಂದೂವರೆಗೆ ಪಟ್ಟಿ ಅಂಪೈರ್ ಕೈ ಸೇರಬೇಕು, ಅಲ್ಲಿಯವರೆಗೆ ಬದಲಾಯಿಸಬಹುದು. ಮರ್ವ್ ಗಾಜು ಇಳಿಸಿದ.

"ನೂರೆಂಟು ಕೆಲಸದಲ್ಲಿ ನಿಂಗೆ ತೊಂದ್ರೆ ಕೊಡ್ತಿದೀನಿ," ಅಂದ ಬ್ರೋಡಿ. ಅವನ ಕಿವಿ ಕೆಂಪಾಗಿತ್ತು. "ಕೇಳ್ಬಾರ್ದು, ಗೊತ್ತು. ನಂಗೋಸ್ಕರ ಅಲ್ಲ ಮರ್ವ್, ಅಮ್ಮಂಗೋಸ್ಕರ. ಹಳೇ ಪೇಪರ್ ಎಲ್ಲ ಹರಡ್ಕೊಂಡು ಎರಡು ದಿನದಿಂದ ಎಣಿಸ್ತಾ ಕೂತಿದಾಳೆ. ನಂದು ತೊಂಬತ್ತೊಂಬತ್ತು ಅಂತಾಳೆ. ಹಂಗಿದ್ರೆ ಮರ್ವ್ ಹೇಳ್ದೆ ಇರ್ತಿದ್ನಾ ಅಂತ ನಾನಂದೆ."

ಮರ್ವ್ ಮುಂದಿನ ಗಾಜಿನಾಚೆ ನೋಡಿದ. ಮೂವತ್ತು ಹೆಜ್ಜೆ ದೂರದಲ್ಲಿ ಕೋಚ್ ಕೈಯಲ್ಲಿ ಕಾಗದ ಹಿಡಿದು ನಿಂತಿದ್ದ. ಹೌದಪ್ಪ, ತೊಂಬತ್ತೊಂಬತ್ತು ಅಂದರೆ ಸಾಕಾಗಿತ್ತು. ಕೋಚ್ ಆ ಕ್ಷಣವೇ ಹೆಸರು ಬದಲಾಯಿಸುತ್ತಿದ್ದ, ಪರದೆ ಇಲ್ಲದಿದ್ದರೂ ನೂರು ನೂರೇ. ಆಮೇಲೆ ಕೋಚ್ ತಿರುಗಿ, ಮಂಗಳವಾರ ನಿನ್ನನ್ನು ಕೇಳಿದ್ದೆನಲ್ಲ ಅನ್ನುತ್ತಿದ್ದ. ಬೆವ್ ಕೇಳುತ್ತಿದ್ದಳು. ಕೀತ್ ಕೇಳುತ್ತಿದ್ದ. ಇಪ್ಪತ್ತಾರು ವರ್ಷ ಆ ಪುಸ್ತಕವನ್ನು ಯಾರೂ ಒಮ್ಮೆಯೂ ಅನುಮಾನಿಸಿರಲಿಲ್ಲ.

"ತೊಂಬತ್ತೇಳು," ಅಂದ ಮರ್ವ್.

ತನ್ನ ಬಾಯಿಂದ ಬಂದ ಮಾತು ಅವನಿಗೇ ಕೇಳಿಸಿತು. ಸ್ವಲ್ಪವೂ ತಡವರಿಸದೆ, ಅಂಗಡಿಯಲ್ಲಿ ಮೇವಿನ ಬೆಲೆ ಹೇಳುವ ಹಾಗೆ ಬಂದಿತ್ತು.

ಬ್ರೋಡಿ ದೊಡ್ಡದಾಗಿ ಉಸಿರುಬಿಟ್ಟ. ಅವನ ಮುಖ ಹಗುರಾಯಿತು, ಅದನ್ನೇ ಮರ್ವ್‌ಗೆ ತಡೆದುಕೊಳ್ಳಲಾಗಲಿಲ್ಲ. "ಸದ್ಯ, ಬದುಕ್ದೆ ಗುರೂ," ಅಂದ ಬ್ರೋಡಿ. "ಒಂದು ಕಮ್ಮಿ ಅಂದಿದ್ರೆ ಸಾಯೋವರೆಗೂ ಕೊರೀತಿತ್ತು. ಮೂರು ಕಮ್ಮಿ ಅಂದ್ರೆ ಬಿಡು, ಅದು ನಮ್ದಲ್ಲ ಅಂತಾಯ್ತು. ಹೋಗಿ ಅಮ್ಮಂಗೆ ಹೇಳ್ತೀನಿ." ಕಾರಿನ ಮೇಲ್ಛಾವಣಿಯನ್ನು ಎರಡು ಸಲ ತಟ್ಟಿ, ಕುಂಟುತ್ತ ಕ್ಯಾಂಟೀನಿನ ಕಡೆ ನಡೆದ.

ಅವನನ್ನು ಕೂಗಿ ಕರೆಯಬೇಕು ಅಂತ ಮರ್ವ್ ಬಾಗಿಲ ಹಿಡಿಗೆ ಕೈ ಹಾಕಿದ. ಕೈ ಅಲ್ಲೇ ಇತ್ತು. ಒಂದೂಕಾಲಾಯಿತು. ಒಂದು ಇಪ್ಪತ್ತೈದಾಯಿತು. ಕೋಚ್ ಅಂಪೈರ್‌ಗಳ ಕೋಣೆಯತ್ತ ಹೋಗಿ ಖಾಲಿ ಕೈಯಲ್ಲಿ ಹೊರಬಂದ. ಮರ್ವ್ ಹಿಡಿಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಹುಟ್ಟಿದ ಮೇಲೆ ಇಷ್ಟು ನಾಚಿಕೆ ಅವನಿಗೆ ಯಾವತ್ತೂ ಆಗಿರಲಿಲ್ಲ. ಅದು ಯಾರಿಗೂ ಕಾಣದ ನಾಚಿಕೆಯಾದ್ದರಿಂದ ಇಳಿಸಿಕೊಳ್ಳಲು ದಾರಿಯೂ ಇರಲಿಲ್ಲ.

ಆಟದ ನಾಲ್ಕು ಕ್ವಾರ್ಟರುಗಳಲ್ಲಿ ಮೊದಲನೆಯದು ಮುಗಿದಾಗ ಮರ್ಲೀನ್ ಬಂದಳು. ಕ್ಯಾಂಟೀನಿನ ಏಪ್ರನ್ ಬಿಚ್ಚಿರಲಿಲ್ಲ, ಕೈಯಲ್ಲಿ ಕಾಗದದ ಲೋಟದಲ್ಲಿ ಚಹಾ. ಅದನ್ನು ಕಿಟಕಿಯಿಂದ ಒಳಗೆ ಕೊಟ್ಟಳು. ಮರ್ವ್ ಜೇಬಿಗೆ ಕೈ ಹಾಕಿದರೆ ಬೇಡ ಅಂದಳು.

"ಬ್ರೋಡಿ ಹೇಳ್ದ," ಅಂದಳು. "ಎರಡು ಆಟ ನಾನೇ ತಪ್ಪು ಎಣಿಸಿದೀನಿ ನೋಡು. ಲೀಗಿಂದಲ್ಲದ ಆಟಾನೂ ಸೇರಿಸ್ಕೊಂಡೆ ಅನ್ಸತ್ತೆ."

ಮರ್ವ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಿನ್ನೆ ಬೇಕ್ರಿ ಮುಂದೆ ನಿಂತ್ಕೊಂಡು ನಿನ್ನ ಬಗ್ಗೆ ಏನೇನೋ ಅಂದ್ಕೊಂಡೆ ಕಣೋ. ರಾತ್ರಿ ಎಲ್ಲ ಬೈಕೊಂಡಿದೀನಿ. ಇಷ್ಟು ವರ್ಷ ಗೊತ್ತಿರೋ ಮನುಷ್ಯನ ಬಗ್ಗೆ ಹಂಗೆಲ್ಲ ಅಂದ್ಕೋಬಾರ್ದಾಗಿತ್ತು." ಅವಳು ಏಪ್ರನ್ನಿನ ಅಂಚಿಗೆ ಕೈ ಒರೆಸಿಕೊಂಡಳು. "ತಪ್ಪಾಯ್ತು, ಮರ್ವ್."

ನೆಲ ಬಾಯಿಬಿಟ್ಟು ಕಾರಿನ ಸಮೇತ ನುಂಗಬಾರದೆ ಅನ್ನಿಸಿತು ಅವನಿಗೆ. ಹೇಳಬೇಕು, ಈಗಲೇ ಹೇಳಬೇಕು ಅಂದುಕೊಂಡ. ನಾಲಿಗೆಯ ತುದಿಗೆ ಬಂದದ್ದು ಬೇರೆಯೇ.

"ಪರವಾಗಿಲ್ಲ, ಬಿಡು," ಅಂದ.

ಅವಳು ತನ್ನನ್ನು ಕ್ಷಮಿಸಿದವನನ್ನು ನೋಡುವಂತೆ ಅವನನ್ನು ನೋಡಿ, ಸಮಾಧಾನವಾಗಿ, ಪೈಗಳು ಒಲೆಯಲ್ಲಿವೆ ಅಂತ ಬೇಗ ಬೇಗ ಹೊರಟುಹೋದಳು.

ಆಟ ನಮ್ಮ ಕಡೆ ವಾಲಿತು. ಮರ್ವ್ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು, ಅದೊಂದು ಶಿಕ್ಷೆ. ಕಾನರ್ ಆ ಹಿಂಬದಿಯ ಮೂಲೆಯಲ್ಲಿ ಯಾರನ್ನೂ ದಾಟಲು ಬಿಡಲಿಲ್ಲ. ಪ್ರತಿ ಸಲ ಅವನು ಚೆಂಡನ್ನು ಗುದ್ದಿ ಹೊರಹಾಕಿದಾಗಲೂ ಕೀತ್ ಕಾರಿನತ್ತ ಬಗ್ಗಿ, ನಿನ್ನ ಕಣ್ಣು ಕಣ್ಣಪ್ಪಾ ಅನ್ನುತ್ತಿದ್ದ. ಬೆವ್ ಕೂಡ ಮೂರನೆಯ ಕ್ವಾರ್ಟರಿನಲ್ಲಿ ಬಂದು, ಸೋತೆ, ಒಪ್ಪಿಕೊಂಡೆ ಅಂದಳು. ಮರ್ವ್ ತಲೆಯಾಡಿಸಿದ. ಚಹಾ ಆರಿ ಕೆನೆಗಟ್ಟಿತ್ತು, ಅವನಿಗೆ ಅದನ್ನು ಕುಡಿಯಲೂ ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ.

ಮುಗಿಯಲು ಎರಡು ನಿಮಿಷ ಇದ್ದಾಗ ಕಾನರ್ ತಡೆದ ಚೆಂಡು ಮೂರು ಕೈ ದಾಟಿ, ಎದುರು ತುದಿಯ ಎರಡು ಎತ್ತರದ ಕಂಬಗಳ ನಡುವೆ ನೇರ ಹೋಯಿತು. ಇನ್ನು ಲೇಕ್ ಮೆರಿನ್‌ಗೆ ಎದ್ದೇಳಲು ಸಾಧ್ಯವಿರಲಿಲ್ಲ. ಮೈದಾನದ ಸುತ್ತ ನಮ್ಮ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಒತ್ತಿದವು, ಗೋಧಿಯ ಕಣಜಗಳ ಮೇಲಿನ ಕಾಕಟೂ ಹಕ್ಕಿಗಳು ಒಮ್ಮೆಗೇ ಎದ್ದವು. ಬೆವ್ ಕೀತ್‌ನನ್ನು ತಬ್ಬಿಕೊಂಡಳು. ಮರ್ವ್‌ನ ಕಾರೊಂದೇ ಹಾರ್ನ್ ಹೊಡೆದಿರಲಿಲ್ಲ.

ಕೀತ್ ಕಿಟಕಿಯೊಳಗೆ ತಲೆ ಹಾಕಿದ. "ಯಾಕಯ್ಯ, ನಿಂದು ಕೆಟ್ಟೋಗಿದ್ಯಾ?"

ಮರ್ವ್ ಸ್ಟೀರಿಂಗಿನ ನಡುವೆ ಅಂಗೈ ಇಟ್ಟು ಒತ್ತಿದ. ಅಷ್ಟರಲ್ಲಿ ಬೇರೆಲ್ಲ ಕಾರುಗಳು ನಿಲ್ಲಿಸಿದ್ದವು. ಅವನದೊಂದೇ ಮೈದಾನದ ಮೇಲೆ ಉದ್ದಕ್ಕೆ ಕೂಗಿತು. ಗೆರೆಯಾಚೆ ಓಡಿ ಹೋಗಿ ಕಾನರ್‌ಗೆ ನೀರು ಕುಡಿಸುತ್ತಿದ್ದ ಬ್ರೋಡಿ, ಯಾರಪ್ಪ ಇದು ಅಂತ ತಿರುಗಿ, ಕಾರುಗಳ ಸಾಲಿನಲ್ಲಿ ಹುಡುಕಿ, ಮರ್ವ್‌ನ ಗುರುತು ಹಿಡಿದು, ಕೈಯಲ್ಲಿದ್ದ ಬಾಟಲಿಯನ್ನು ತಲೆಯ ಮೇಲೆತ್ತಿ ಆಡಿಸಿದ.