ಬಿಂದಿಗೆ ಇಳಿದ ಜಾಗ

ಸೈಕಲ್ ರೇಸಿನಲ್ಲಿ ಗೆಲ್ಲುವವಳು ಒಬ್ಬಳು; ಅವಳನ್ನು ಗೆಲ್ಲಿಸುವವರು ಹಲವರು. ಗೆಲ್ಲಿಸುವವರಿಗೆ ಎರಡು ಕೆಲಸ. ಒಂದು, ಗಾಳಿಗೆ ಎದೆಯೊಡ್ಡಿ ತಂಡದ ನಾಯಕಿಗೆ ಮರೆಯಾಗಿ ಸಾಗುವುದು. ಇನ್ನೊಂದು, ಹಿಂದೆ ಬರುವ ತಂಡದ ಕಾರಿನ ಬಳಿಗೆ ಹೋಗಿ, ನೀರಿನ ಬಾಟಲಿಗಳನ್ನು ಎದೆ ಬೆನ್ನೆನ್ನದೆ ಅಂಗಿಯೊಳಗೆ ತುರುಕಿಕೊಂಡು ಬಂದು ಎಲ್ಲರಿಗೂ ಹಂಚುವುದು. ಈ ಎರಡನೆಯ ವಿದ್ಯೆಯಲ್ಲಿ ನಮ್ಮ ಕಥಾನಾಯಕಿಯನ್ನು ಮೀರಿಸುವವರಿರಲಿಲ್ಲ. ಆದ್ದರಿಂದಲೇ ಇಡೀ ಗುಂಪು ಅವಳನ್ನು ಬಿಂದಿಗೆ ಎಂದು ಕರೆಯುತ್ತಿತ್ತು. ಕರೆದಾಗಲೆಲ್ಲ ಅವಳು ತಿರುಗಿ ನೋಡುತ್ತಿದ್ದುದರಿಂದ ಹೆಸರು ಖಾಯಂ ಆಯಿತು.

ಗೆಲುವೆಂಬುದು ಅವಳ ಪಾಲಿಗೆ ಬಂದಿರಲಿಲ್ಲ. ಮನೆಯ ಷೋಕೇಸಿನಲ್ಲಿದ್ದ ಏಕೈಕ ಬಟ್ಟಲು ಶಾಲೆಯ ಗೋಣಿಚೀಲದ ಓಟದ್ದು. ಇದೀಗ ಋತುವಿನ ಕೊನೆಯ ರೇಸು ಮಾತ್ರ ಉಳಿದಿತ್ತು, ಮುಂದಿನ ವರ್ಷದ ಒಪ್ಪಂದದ ಸುದ್ದಿಯೇ ಇರಲಿಲ್ಲ. ಅವಳು ಮ್ಯಾನೇಜರರನ್ನು ಕೇಳಿದಳು.

“ನೋಡಮ್ಮ, ನೀರು ಹೊರೋಕೆ ಎಳೇ ಹುಡುಗೀರು ಸಾಲುಗಟ್ಟಿ ನಿಂತಿದಾರೆ,” ಎಂದರು ಅವರು. “ಒಂದೇ ಒಂದು ದಿನ ಎಲ್ಲರಿಗಿಂತ ಮುಂದೆ ಬಂದು ತೋರ್ಸು. ನಿನ್ನ ಪರವಾಗಿ ಬಾಯಿ ಬಿಡೋಕೆ ನಂಗೂ ಏನಾದ್ರೂ ಬೇಕಲ್ವಾ?”

ಆ ಕೊನೆಯ ರೇಸು ಅವಳ ಹುಟ್ಟೂರಿನ ಮೂಲಕವೇ ಹಾದುಹೋಗುವುದಿತ್ತು. ಅಲ್ಲಿ ಅವಳ ತಾಯಿಗೆ ಒಂದು ಇಸ್ತ್ರಿ ಅಂಗಡಿ, ಅಂಗಡಿಯಲ್ಲೊಂದು ಟೀವಿ, ಹಾಗೂ ಮಗಳ ಮೇಲೊಂದು ಹಳೆಯ ದೂರು.

“ಟೀವಿ ಮುಂದೆ ಎಷ್ಟು ಹೊತ್ತು ನಿಂತ್ರೂ ನಿನ್ನ ಬೆನ್ನೇ ಕಣೇ ಕಾಣೋದು,” ಎಂದು ಅಮ್ಮ ಫೋನಿನಲ್ಲಿ ಗೊಣಗಿದ್ದಳು. “ರಸ್ತೆಗೆ ಬಂದ್ರೆ ಅದೂ ಇಲ್ಲ. ಬರ್ ಅಂತ ಒಂದು ಶಬ್ದ. ಹೆತ್ತವಳಿಗೆ ಶಬ್ದ ತೋರ್ಸೋಕೆ ಬರ್ತೀಯಾ?”

“ಈ ಸಲ ಇಳೀತೀನಮ್ಮ. ಅಂಗಡಿ ಮುಂದೆ ನಿಂತಿರಿ.”

ಇಳಿಯುವುದಕ್ಕೂ ಒಂದು ಕ್ರಮವುಂಟು. ದಾರಿಯಲ್ಲಿ ಯಾರದಾದರೂ ಊರು ಬಂದರೆ, ಅವಳು ಗುಂಪಿನ ಹಿರಿಯಳನ್ನು ಕೇಳಿ ಸ್ವಲ್ಪ ಮುಂದೆ ಹೋಗಬಹುದು. ಮನೆಯವರ ಮುಂದೆ ಇಳಿದು, ಮಾತಾಡಿಸಿ, ಗುಂಪು ಬಂದಾಗ ಸೇರಿಕೊಳ್ಳಬಹುದು. ಅಲ್ಲಿಯವರೆಗೆ ಯಾರೂ ವೇಗ ಹೆಚ್ಚಿಸುವುದಿಲ್ಲ. ಹೋದವಳೂ ಆ ಸಲಿಗೆಯನ್ನು ಗೆಲುವಿಗೆ ಬಳಸುವುದಿಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಆದರೆ ಮುರಿದವಳಿಗೆ ಮುಂದೆಂದೂ ಆ ಗುಂಪಿನಲ್ಲಿ ಒಬ್ಬರ ಬೆನ್ನ ಮರೆಯೂ ದೊರೆಯದು.

ಹಿರಿಯಳೆಂದರೆ ಎದುರಾಳಿ ತಂಡದ ನಾಯಕಿ, ಎಲ್ಲರ ಬಾಯಲ್ಲೂ ದೊಡ್ಡಕ್ಕ. ರೇಸಿನ ದಿನ ಊರು ಹತ್ತಿರವಾದಾಗ ಬಿಂದಿಗೆ ಅವಳ ಪಕ್ಕಕ್ಕೆ ಸರಿದಳು.

“ಏನೇ ಬಿಂದಿಗೆ, ತವರಿಗೆ ಹೋಗ್ಬೇಕಾ?”

“ಒಂದು ನಿಮಿಷ ಸಾಕಕ್ಕ.”

“ಹೋಗು. ಊಟಕ್ಕೆ ಕೂತ್ಬಿಡ್ಬೇಡ ಮತ್ತೆ.” ದೊಡ್ಡಕ್ಕ ಹಿಂತಿರುಗಿ ಕೈಯೆತ್ತಿದಳು. ಇಡೀ ಗುಂಪು ಸಂಜೆಯ ವಾಯುವಿಹಾರಕ್ಕೆ ಹೊರಟವರಂತೆ ನಿಧಾನವಾಯಿತು.

ಬಿಂದಿಗೆ ಹುರುಪಿನಿಂದ ಬಂದು ನೋಡಿದರೆ ಅಂಗಡಿಯ ಷಟರ್ ಎಳೆದಿತ್ತು. ಎದುರಿಗೆ ಬೀಗ ರಿಪೇರಿಯವರು ಸ್ಟೂಲಿನ ಮೇಲೆ ಕುಳಿತು ಕೀಲಿಯೊಂದಕ್ಕೆ ಅರ ಹಾಕುತ್ತಿದ್ದರು.

“ನಿಮ್ಮನೆಯವರಾ?” ಎಂದರು ತಲೆಯೆತ್ತದೆ. “ಬೆಳಿಗ್ಗೇನೇ ಕುರ್ಚಿ ಹೊತ್ಕೊಂಡು ಗುಡ್ಡದ ಮೇಲೆ ಹೋದ್ರು. ಎಲ್ಲಾ ನಿಮ್ಮಪ್ಪನ ಐಡಿಯಾ.”

ಅಪ್ಪ ನಿವೃತ್ತ ಬಸ್ ಡ್ರೈವರ್. ರೇಸಿನಲ್ಲಿ ಯಾರಾದರೂ ಇಳಿಯುತ್ತಾರೆಂಬ ಮಾತನ್ನು ಅವರು ನಂಬಿರಲಿಲ್ಲ. ಏರಿನಲ್ಲಾದರೆ ಎಂಥ ಗಾಡಿಯೂ ಗೇರ್ ಇಳಿಸಲೇಬೇಕು, ಮಗಳ ಮುಖ ಅಲ್ಲೇ ಕಾಣುವುದು ಎಂಬುದು ಅವರ ಲೆಕ್ಕಾಚಾರ. ಅದನ್ನು ಮಗಳಿಗೆ ತಿಳಿಸೋಣವೆಂದರೆ ಅವಳ ಫೋನು ಆಗಲೇ ತಂಡದ ಬಸ್ಸಿನಲ್ಲಿತ್ತು.

ಷಟರಿಗೆ ಮುಖ ತೋರಿಸಿ ಮರಳುವುದು ಬಿಂದಿಗೆಗೆ ಸರಿಕಾಣಲಿಲ್ಲ. ಅವಳು ಏರು ಹತ್ತತೊಡಗಿದಳು. ಹಿಂದೆ ಗುಂಪು ಸೌಜನ್ಯದಿಂದ ತೆವಳುತ್ತಿತ್ತು. ಅಮ್ಮನನ್ನು ಹುಡುಕಿದಷ್ಟೂ ಅಂತರ ಬೆಳೆಯಿತು. ಮೋಟಾರ್ ಸೈಕಲ್ಲಿನಲ್ಲಿ ಬಂದ ಅಧಿಕಾರಿ ಅಂತರ ಬರೆದ ಹಲಗೆಯನ್ನು ಎತ್ತಿ ಹಿಡಿದಾಗ ಅವಳಿಗೇ ನಂಬಿಕೆಯಾಗಲಿಲ್ಲ. ಅಷ್ಟು ಹೊತ್ತಿಗೆ, ಎಂದೂ ‘ನೀರು’ ಎಂಬುದನ್ನು ಬಿಟ್ಟು ಬೇರೆ ಪದ ನುಡಿಯದಿದ್ದ ಕಿವಿಯ ರೇಡಿಯೊ ಜೇನಾಗಿ ಹರಿಯಿತು.

“ಎಲ್ಲೂ ನಿಲ್ಬೇಡ ನನ್ನ ತಾಯಿ,” ಎಂದರು ಮ್ಯಾನೇಜರು. “ಗುಡ್ಡ ದಾಟಿದ್ರೆ ಇಳಿಜಾರು, ಇಳಿಜಾರು ಮುಗಿದ್ರೆ ಗೆಲುವಿನ ಗೆರೆ. ಮುಂದಿನ ವರ್ಷ ನಿನ್ನ ಜೇಬಲ್ಲಿದೆ.”

“ಸಾರ್, ಅಮ್ಮನ್ನ ನೋಡ್ತೀನಿ ಅಂತ ಹೇಳಿ ಬಂದಿದೀನಿ.”

“ಹೋಗ್ತಾ ಹೋಗ್ತಾ ನೋಡು. ಕೈ ಬೀಸು. ಅಮ್ಮಂದಿರಿಗೆ ಅರ್ಥ ಆಗುತ್ತೆ.”

ಏರಿನ ತುದಿಯಲ್ಲಿ ಮಡಿಸುವ ಕುರ್ಚಿ, ಕುರ್ಚಿಯ ಮೇಲೆ ಅಮ್ಮ, ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟ ಅಪ್ಪ ಕಾಣಿಸಿದರು. ಬಿಂದಿಗೆಯ ಕಾಲುಗಳು ಆಗಲೇ ಮ್ಯಾನೇಜರರ ಪಕ್ಷ ಸೇರಿದ್ದವು. ಅವು ನಿಲ್ಲುವ ಲಕ್ಷಣವಿರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವಳ ಮುಂದಿನ ರಸ್ತೆಯಲ್ಲಿ ಯಾರ ಬೆನ್ನೂ ಇರಲಿಲ್ಲ. ಅವಳು ಕ್ಷಣಕಾಲ ಆ ಬರಿದಾದ ರಸ್ತೆಯನ್ನು ಆಸೆಯಿಂದ ನೋಡಿದಳು. ಬಳಿಕ ಕಿವಿಯ ರೇಡಿಯೊ ಕಿತ್ತು ಜೇಬಿಗಿಳಿಸಿ, ಬ್ರೇಕ್ ಹಿಡಿದಳು.

“ಇದೇನೇ ಇಳಿದೆ?” ಅಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. “ಮೊದಲ್ನೇವಳು ನೀನೇ ಕಣೇ. ಹಿಂದೆ ಒಂದು ನರಪಿಳ್ಳೆ ಇಲ್ಲ.”

“ಇಳೀತೀನಿ ಅಂದಿದ್ನಲ್ಲ.”

“ಇಳಿ ಅಂದೆ. ಸೋಲು ಅಂದ್ನಾ?”

“ನಿನ್ನ ನೋಡ್ಬೇಕು ಅಂತ ಗುಂಪಿನವರನ್ನ ಕೇಳ್ಕೊಂಡು ಬಂದಿದೀನಮ್ಮ. ಅದ್ರಲ್ಲೇ ಗೆದ್ದುಬಿಟ್ರೆ ಕದ್ದ ಹಾಗಾಗುತ್ತೆ.”

“ಸ್ಟಾಪ್ ಅಂದ್ಮೇಲೆ ನಿಲ್ಲಿಸ್ಲೇಬೇಕು ಬಿಡೇ,” ಎಂದರು ಅಪ್ಪ ಹೆಂಡತಿಗೆ. ಬಳಿಕ, ಸ್ಟಾಪನ್ನು ಬದಲಾಯಿಸಿದವರು ತಾವೇ ಎಂಬುದು ನೆನಪಾಗಿ, ಸೈಕಲ್ಲಿನ ಟೈರನ್ನು ಒತ್ತಿ ನೋಡುವುದರಲ್ಲಿ ಮಗ್ನರಾದರು.

ಅಮ್ಮ ಮಗಳ ಕಪ್ಪು ಕನ್ನಡಕವನ್ನು ಕಳಚಿ, ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಕಣ್ಣ ಕೆಳಗಿನ ಧೂಳೊರೆಸಿದಳು. ಗಿರಾಕಿಯ ಅಂಗಿಯ ಕಾಲರಿನಲ್ಲಿ ಕಲೆ ಹುಡುಕುವವಳಂತೆ ಮುಖವನ್ನು ಅತ್ತ ಇತ್ತ ತಿರುಗಿಸಿ ನೋಡಿದಳು.

“ಮೂಗು ಸುಟ್ಟಿದೆ,” ಎಂದಳು ಕೊನೆಗೆ. “ಟೀವಿಲಿ ಇದು ಕಾಣ್ತಿರ್ಲಿಲ್ಲ.”

ಅಷ್ಟರಲ್ಲಿ ಗುಂಪು ಏರಿ ಬಂತು. ಮುಂದಿದ್ದ ದೊಡ್ಡಕ್ಕ ಏದುಸಿರಿನ ನಡುವೆಯೇ ಕೇಳಿದಳು: “ತವರು ಇಷ್ಟು ಎತ್ತರದಲ್ಲಿದೆ ಅಂತ ಮೊದ್ಲೇ ಹೇಳ್ಬಾರ್ದಾ?”

“ಅಪ್ಪ ಜಾಗ ಬದಲಾಯಿಸಿದ್ರಕ್ಕ.”

“ಸರಿ, ಹತ್ತು.”

ಇಳಿಜಾರಿನ ಗಾಳಿ ಮುಖಕ್ಕೆ ಹೊಡೆದಾಗಲೇ ಕನ್ನಡಕ ಅಮ್ಮನ ಕೈಯಲ್ಲಿ ಉಳಿದದ್ದು ಬಿಂದಿಗೆಗೆ ತಿಳಿದದ್ದು. ಕಣ್ಣುಗಳಿಂದ ನೀರು ಧಾರೆಯಾಗಿ ಹರಿಯಿತು. ತಾಯಿಯನ್ನಗಲಿದ ದುಃಖವೆಂದು ಇಡೀ ಗುಂಪು ತೀರ್ಮಾನಿಸಿತು. ಯಾರೋ ಬೆನ್ನು ತಟ್ಟಿದರು; ಇನ್ಯಾರೋ ತಮ್ಮ ಬಿಸ್ಕತ್ತು ಕೊಟ್ಟರು. “ಗಾಳಿ ಕಣ್ರೇ, ಬರೀ ಗಾಳಿ,” ಎಂದು ಅವಳು ಎಷ್ಟು ಹೇಳಿದರೂ ಒಬ್ಬರೂ ನಂಬಲಿಲ್ಲ. ಆ ಮಂಜುಗಣ್ಣಿನಲ್ಲೇ ನೀರು ತಂದು ಹಂಚಹೊರಟು, ತನ್ನ ನಾಯಕಿಗೆಂದು ತಂದ ಬಾಟಲಿಯನ್ನು ದೊಡ್ಡಕ್ಕನ ಕೈಗಿತ್ತಳು. ದೊಡ್ಡಕ್ಕ ಗಟಗಟ ಕುಡಿದಳು.

ಗೆರೆ ದಾಟಿದಾಗ ಬಿಂದಿಗೆ ಎಂದಿನಂತೆ ಬಾಲದಲ್ಲಿದ್ದಳು. ಮ್ಯಾನೇಜರು ಮುಖ ತಿರುಗಿಸಿ ಕಾರಿನೊಳಗೆ ಕುಳಿತರು. ಒಪ್ಪಂದದ ಉತ್ತರ ಅದೇ ಆಗಿತ್ತು. ಅವಳು ಬಸ್ಸಿನ ಹಿಂದೆ ಕುಳಿತು, ಮಾಡಲು ಬೇರೇನೂ ತೋಚದೆ, ಚೈನ್ ಒರೆಸತೊಡಗಿದಳು. ದೊಡ್ಡಕ್ಕ ಬರಿಗಾಲಲ್ಲಿ ಬಂದು ನಿಂತಳು.

“ಇನ್ನೇನ್ಮಾಡ್ತೀಯೇ?”

“ಇಸ್ತ್ರಿ ಕಲೀಬೇಕು.”

“ಅದು ನಿನ್ನ ಕೈಲಾಗಲ್ಲ, ಸುಟ್ಟಾಕ್ತೀಯ. ನಮ್ಮ ಮ್ಯಾನೇಜರ್‌ಗೆ ಹೇಳಿದೀನಿ, ನಾಳೆ ಮಾತಾಡ್ತಾರೆ. ಗೆಲ್ಲೋ ಅಂತರ ಇಟ್ಕೊಂಡು ಇಳಿದು ನಿಂತವಳು ನನ್ನ ಬಾಟ್ಲಿನ ದಾರೀಲಿ ಕುಡಿಯಲ್ಲ.”

“ನೀರು ಹೊರೋ ಕೆಲಸಾನೇ ತಾನೇ ಅಕ್ಕ?”

“ಮತ್ತೆ? ಗೆಲ್ಲೋಕೆ ನಾನಿದೀನಲ್ಲ.”

ಬಿಂದಿಗೆ ಆ ಕೂಡಲೇ ಮನೆಗೆ ಫೋನ್ ಮಾಡಿದಳು. “ಅಮ್ಮ, ಕೆಲಸ ಸಿಗೋ ಹಾಗಿದೆ. ನನ್ನ ಕನ್ನಡಕ ಕೊರಿಯರ್ ಮಾಡ್ತೀಯಾ?”

“ಯಾವ ಕನ್ನಡಕ?”

“ಇವಳು ಹಾಕ್ಕೊಂಡು ಕೂತಿರೋದು,” ಎಂದ ಅಪ್ಪನ ದನಿ ಹಿಂದಿನಿಂದ ಕೇಳಿಸಿತು.

“ಬೇಕಿದ್ರೆ ಬಂದು ತಗೊಂಡ್ಹೋಗು,” ಎಂದಳು ಅಮ್ಮ. “ಈ ಸಲ ಅಂಗಡಿ ಮುಂದೇನೇ ಇರ್ತೀವಿ.”