ಬೇಡ

ಏಳು ವರ್ಷದ ಸಿಂಚನಾಗೆ ‘ಬೇಡ’ ಎನ್ನಲು ಕಲಿಸುವುದಕ್ಕೆ ಕೊಪ್ಪದ ಆಟಿಸಂ ಮಕ್ಕಳ ಕೇಂದ್ರದ ಟೀಚರ್ ಪವಿತ್ರಾಗೆ ಎರಡು ವರ್ಷ ಹಿಡಿದಿತ್ತು. ಅಲ್ಲಿಯತನಕ ಹುಡುಗಿ ಬೇಡವಾದಾಗೆಲ್ಲ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು.

ಇಂದು ಅನುದಾನ ಕೊಡುವ ಟ್ರಸ್ಟಿನ ಅಧ್ಯಕ್ಷರು ಬಂದಿದ್ದರು. ಅವರ ಕೊರಳಿಗೆ ಸಿಂಚನಾಳ ಕೈಯಿಂದಲೇ ಅಡಿಕೆ ಹಾರ ಹಾಕಿಸಬೇಕಂತೆ. ದಾನ ಕೊಟ್ಟವರಿಗೆ ಫೋಟೊ ಬೇಡವೇ?

“ಹೊಸಬರ ಹತ್ತಿರ ಹೋದ್ರೆ ಅವಳು ನಡುಗ್ತಾಳೆ ಸಾರ್,” ಎಂದಳು ಪವಿತ್ರಾ.

“ಒಂದು ನಿಮಿಷದ ಕೆಲಸ ಮಾರಾಯ್ತಿ. ಇವರು ಮುನಿಸಿಕೊಂಡ್ರೆ ಕೇಂದ್ರಕ್ಕೆ ಬೀಗವೇ,” ಎಂದರು ಕೇಂದ್ರದ ಕಾರ್ಯದರ್ಶಿ ಶ್ರೀಕಾಂತ.

ಅಧ್ಯಕ್ಷರು ಬಗ್ಗಿದರು. ಸಿಂಚನಾ ಕಿಟಕಿಯತ್ತ ನೋಡುತ್ತ, ಕಲಿಸಿದ ಹಾಗೆಯೇ ಸ್ಪಷ್ಟವಾಗಿ, “ಬೇಡ” ಎಂದಳು.

“ಅರೆ, ಮಾತಾಡ್ತಾಳಲ್ಲ!” ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಪವಿತ್ರಾ ಕ್ಯಾಮೆರಾದತ್ತ ನಗುತ್ತ, ಆ ಪುಟ್ಟ ಕೈಗಳನ್ನು ಬಿಗಿಯಾಗಿ ಹಿಡಿದು ಹಾರ ಹಾಕಿಸಿದಳು. ಹಿಡಿತ ಸಡಿಲಿಸಿದ್ದೇ ತಡ, ಸಿಂಚನಾ ಕೈಯನ್ನು ಬಾಯಿಗೊಯ್ದು ಕಚ್ಚಿಕೊಂಡಳು.