ಹಳೆಯದನ್ನು ಏನಂತ ಇಡಲಿ?

೧.
ಬುಚ್ಚಮ್ಮನ ಮಗ್ಗಕ್ಕೆ ರಾಟೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದೆ, ಆರನೆಯದರಲ್ಲಿ ನೂಲು ಹರಿಯಿತು. ಗಂಟು ಹಾಕುವಾಗ ಅನ್ನಿಸಿತು: ಕಥೆಯನ್ನು ಇಲ್ಲಿಂದಲೇ ಶುರು ಮಾಡಲೇ? (ಬೇಡ. ಕಂಪ್ಯೂಟರಿನ ಕಥೆಯೆಂದು ಬಂದವರು ರಾಟೆ ನೋಡಿ ಎದ್ದು ಹೋದಾರು.)

೧. ಮತ್ತೊಮ್ಮೆ.
ನಾರಾಯಣಪೇಟೆಯ ನೇಕಾರರ ಸಂಘದ ದಫ್ತರದಲ್ಲಿ ಗುಮಾಸ್ತೆ ಸರಿತಾ ಒಂದು ಶೆಲ್ ಸ್ಕ್ರಿಪ್ಟ್ ಬರೆದಿದ್ದಳು. ಹೆದರಬೇಡಿ. ಐವತ್ತೆಂಟಕ್ಕೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ನನಗೇ ತಿಳಿದಿದೆ, ನಿಮಗೇನು? ಮಾಡಬೇಕಾದ ಕೆಲಸಗಳನ್ನು ಒಂದರ ಕೆಳಗೊಂದು ಬರೆದ ಚೀಟಿ ಅದು. ಯಂತ್ರ ಓದುತ್ತದೆ, ಮಾಡುತ್ತದೆ. ಈ ಚೀಟಿಯ ಕೆಲಸ ಮಗ್ಗದ ಗುರುತುಪತ್ರದಲ್ಲಿ ಹಳೆಯ ಹೆಸರು ತೆಗೆದು ಹೊಸದನ್ನು ಕೂರಿಸುವುದು.

ಮಕ್ತಲದ ಬುಚ್ಚಮ್ಮನ ಗಂಡ ತೀರಿಕೊಂಡು ಹನ್ನೊಂದು ವರ್ಷ. ಅಂದಿನಿಂದ ಮಗ್ಗ ಭಾವ ಶಿವಶಂಕರಪ್ಪನ ಹೆಸರಿನಲ್ಲಿದೆ, ನೇಯುವವಳು ಅವಳು. ಈ ಶುಕ್ರವಾರ ಮಗ್ಗ ಎಣಿಸುವವರು ಬರುತ್ತಾರೆ. ಅಷ್ಟರೊಳಗೆ ಅವರಿಗೆ ಅವಳ ಹೆಸರಿನ ಪತ್ರ ಮುಟ್ಟದಿದ್ದರೆ ಮಗ್ಗ ಭಾವನದೇ. ಅವನು ಮಗ್ಗದ ಕೆಳಗೆ ಕಾಲಿಡಲು ತೋಡಿದ ತಗ್ಗು ಮುಚ್ಚಿ ಅಲ್ಲಿ ಮೋಟಾರ್‌ಸೈಕಲ್ ನಿಲ್ಲಿಸುತ್ತಾನಂತೆ. ಮೋಟಾರ್‌ಸೈಕಲ್ ಇನ್ನೂ ಕೊಂಡಿಲ್ಲ. ಜಾಗ ನೋಡಿಟ್ಟಿದ್ದಾನೆ.

೨.
ಚೀಟಿ ಬರೆದದ್ದು ನಾರಾಯಣಪೇಟೆಯಲ್ಲಿ, ಸಂಘದ ಮುದ್ರೆ ಇರುವುದು ಗದ್ವಾಲದಲ್ಲಿ. ಮುದ್ರೆ ಇದ್ದಲ್ಲೇ ಪತ್ರ ಹುಟ್ಟಬೇಕೆಂದು ಸಂಘದ ಠರಾವು. (ಬೇರೆ ಕಡೆ ಹುಟ್ಟಿದರೆ ಸೂತಕವೇನೋ.) ಇಲ್ಲಿನ ಯಂತ್ರ ಲಿನಕ್ಸ್, ಅಲ್ಲಿನದು ಮ್ಯಾಕ್. ಎರಡೂ ಯುನಿಕ್ಸ್ ಎಂಬ ಒಂದೇ ಮನೆತನದವು. ದಾಯಾದಿಗಳ ವಿಷಯ ನಿಮಗೆ ನಾನು ಹೇಳಬೇಕೆ?

"ಮೇಡಂ, ನಿಮ್ಮ ಚೀಟಿ ಇಲ್ಲಿ ನಡ್ಯಂಗಿಲ್ರೀ," ಎಂದ ಗದ್ವಾಲದ ಗುಮಾಸ್ತ ಲಕ್ಷ್ಮಣ್ ಫೋನಿನಲ್ಲಿ.

"ನನ್ನ ಕಡಿ ನಡೀತೈತ್ರೀ. ನಿಮ್ಮ ಮಷಿನ್ ನೋಡ್ಕೋರಿ."

"ಅರೆ, ನಮ್ಮದು ಸೇಬಿನ ಗುರುತಿಂದು ಮೇಡಂ!"

"ಸೇಬರೆ ಇರ್ಲಿ, ಸೀತಾಫಲರೆ ಇರ್ಲಿ. ತಪ್ಪು ಅಲ್ಲೇ ಐತಿ."

ಹೀಗೆ ನಾಲ್ಕು ತಿಂಗಳು. ಎರಡು ದಫ್ತರಗಳ ನಡುವೆ ಹದಿನೇಳು ತಕರಾರು ಕಾಗದ ಓಡಾಡಿದವು. ಅವು ಮಾತ್ರ ಸರಿಯಾಗಿ ತಲುಪಿದವು.

೩.
(ಇಲ್ಲಿ ಸರಿತಾಳಿಗೂ ಲಕ್ಷ್ಮಣನಿಗೂ ಪ್ರೀತಿ ಹುಟ್ಟಿಸಿ ಎರಡು ಪುಟ ಬರೆದಿದ್ದೆ. ಸರಿತಾ ಓದಿ, "ಅಜ್ಜೀ, ಅವ್ರಿಗೆ ಮೂರು ಮಕ್ಳವ," ಎಂದಳು. ಹೊಡೆದು ಹಾಕಿದೆ.)

ಬುಧವಾರ ಬುಚ್ಚಮ್ಮ ಬಂದು ನನ್ನ ನೋಟ್‌ಬುಕ್ ಮುಚ್ಚಿದಳು.

"ಅಕ್ಕಾ, ನಿನ್ನ ಕತಿ ಮುಗ್ಯಾದ್ರಾಗ ನನ್ನ ತಗ್ಗಿನ್ಯಾಗ ಮಣ್ಣು ಬೀಳ್ತೈತಿ. ಜಲ್ದಿ ಬರಿ."

"ಜಲ್ದಿ ಬರದ್ರ ಕತಿ ಕೆಡ್ತೈತಿ ಬುಚ್ಚೀ."

"ಕೆಟ್ಟ ಕತೀನೇ ಬರಿ. ಪತ್ರ ಚೆಂದ ಹೋಗ್ಲಿ."

ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ.

೪.
ಗುರುವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ನಾರಾಯಣಪೇಟೆಗೆ ಹೋಗಿ ಸರಿತಾಳ ಮುಂದೆ ಕುಳಿತೆವು. ನಾನು ಒಂದೇ ಕೇಳಿದೆ: "ಗದ್ವಾಲದ ಮಷಿನ್ ಏನಂತೈತಿ, ಯಾರರೆ ಓದೀರೇನು?"

ಯಾರೂ ಓದಿರಲಿಲ್ಲ. ಕೆಂಪಗೆ ಬಂದದ್ದನ್ನು ಬೈಗುಳವೆಂದುಕೊಂಡಿದ್ದರು. ಲಕ್ಷ್ಮಣ್ ಫೋನಿನಲ್ಲಿ ಅಕ್ಷರ ಅಕ್ಷರ ಓದಿದ, ಸರಿತಾ ಬರೆದುಕೊಂಡಳು, ಆಮೇಲೆ ಹಣೆ ಹಿಡಿದುಕೊಂಡಳು.

ಅವಳ ಚೀಟಿಯಲ್ಲಿ sed -i ಎಂದಿತ್ತು: ಇದ್ದ ಕಾಗದದ ಮೇಲೆಯೇ ತಿದ್ದು ಎಂದರ್ಥ. ಲಿನಕ್ಸ್ ಮರುಮಾತಿಲ್ಲದೆ ತಿದ್ದುತ್ತದೆ. ಮ್ಯಾಕ್ ಮಾತ್ರ, ತಿದ್ದುವ ಮೊದಲಿನ ಪ್ರತಿಯನ್ನು ಏನಂತ ಇಡಲಿ ಎಂದು ಆ -i ಆದ ಮೇಲೆ ಹುಡುಕುತ್ತದೆ. ಸರಿತಾ ಅಲ್ಲಿ ಯಾವ ಹೆಸರನ್ನೂ ಹೇಳಿರಲಿಲ್ಲ. ಹಾಗಾಗಿ ಅದು ಮಾಡಬೇಕಾದ ಕೆಲಸವನ್ನೇ ಹೆಸರೆಂದುಕೊಂಡಿತು, ಕಾಗದದ ಹೆಸರನ್ನು ಕೆಲಸವೆಂದುಕೊಂಡಿತು. (ದಫ್ತರದಲ್ಲಿ ಇಂಥವರನ್ನು ನಾನೂ ನೋಡಿದ್ದೇನೆ.)

"ಹಳೇದು ಇಡಬಾರದಂತ ನಾನೇ ಬಿಟ್ಟಿದ್ದೆ ಅಜ್ಜೀ," ಎಂದಳು ಸರಿತಾ.

ಅದೂ ಠರಾವೇ. ಹಿಂದೊಮ್ಮೆ ಅಣ್ಣ ಹಳೆಯ ಪತ್ರ, ತಮ್ಮ ಹೊಸ ಪತ್ರ ಹಿಡಿದು ಒಂದೇ ಮಗ್ಗಕ್ಕೆ ಬಡಿದಾಡಿದ್ದರು. ಅಂದಿನಿಂದ ಈ ಸಂಘದಲ್ಲಿ ಹೊಸದು ಆದ ಕೂಡಲೇ ಹಳೆಯದು ಇಲ್ಲವಾಗಬೇಕು.

"ಈಗ -i.bak ಅಂತ ಕೂಡಿಸಿ ಬರೀತೀನಿ. ಎರಡೂ ಕಡಿ ನಡೀತೈತಿ. ಹಳೇದಕ್ಕ ಬಾಲ ಹಚ್ಚಿ ಪಕ್ಕಕ್ಕ ಇಡ್ತೈತಿ. ಆಮೇಲೆ ಅದನ್ನ ಅಳಸಾಕ ಇನ್ನೊಂದು ಸಾಲು..."

"ಅಳಸಬ್ಯಾಡವ್ವಾ," ಎಂದಳು ಬುಚ್ಚಮ್ಮ.

"ನಿಮ್ಮ ಭಾವ ಅದನ್ನ ಹಿಡ್ಕೊಂಡು ಬಂದ್ರ?"

"ಬರ್ಲಿ. ಹನ್ನೊಂದು ವರ್ಷ ನಾ ನೇಯ್ದದ್ದು ಯಾರ ಹೆಸರಿನ್ಯಾಗ ಅಂತ ಎಲ್ಲ್ಯರೆ ಬರದಿರಬೇಕಲ್ಲ? ತಾರೀಖ್ ಹಾಕೇ ಇಡು. ಆತಂದು ಹಳಿ ತಾರೀಖು, ನಂದು ಇವತ್ತಿಂದು."

ಈ ಮಾತನ್ನು ನಾನು ಬರೆದುಕೊಟ್ಟದ್ದಲ್ಲ. ಬರೆಯುವಷ್ಟು ಧೈರ್ಯ ನನಗಿರಲಿಲ್ಲ.

೫.
ಮುಕ್ತಾಯ ಬೇಕೆಂದವರು ಆರಿಸಿಕೊಳ್ಳಿ. ಎಣಿಸುವವರು ಬುಚ್ಚಮ್ಮನ ಹೆಸರು ಬರೆದುಕೊಂಡು ಚಹಾ ಕುಡಿದು ಹೋದರು. ಅಥವಾ, ಎರಡು ಪತ್ರ ನೋಡಿ ಎರಡು ಮಗ್ಗವೆಂದು ಎಣಿಸಿದರು, ಮಗ್ಗ ಹೆಚ್ಚಾದವೆಂದು ದಫ್ತರಕ್ಕೆ ಶಾಲು ಹೊದಿಸಿದರು. ಅಥವಾ, ಬರಲೇ ಇಲ್ಲ. ಯಾವುದು ನಿಜವೆಂದು ನನ್ನನ್ನು ಕೇಳಬೇಡಿ. ನಾನು ಬರೆಯುತ್ತಿರುವುದು ಗುರುವಾರ, ನಾಲ್ಕೂ ಇಪ್ಪತ್ತಕ್ಕೆ. ಶುಕ್ರವಾರ ಇನ್ನೂ ಯಾರ ಕೈಯಲ್ಲೂ ಇಲ್ಲ.

ತಿದ್ದಿದ ಚೀಟಿ, ಅಳಿಸುವ ಸಾಲಿಲ್ಲದೆ, ಗದ್ವಾಲಕ್ಕೆ ಹೋಯಿತು. ಫೋನಿನಲ್ಲಿ ಪ್ರಿಂಟರಿನ ಸದ್ದು ಕೇಳಿತು. ಆಮೇಲೆ ಮುದ್ರೆ, ಧಪ್. ಆಮೇಲೆ ಲಕ್ಷ್ಮಣ್: "ಸ್ಕ್ಯಾನ್ ಮಾಡೀನ್ರೀ. ಎಣಿಸೋರಿಗೆ ಮೇಲ್ ಹಾಕಾಕ ತಯಾರೈತಿ. ಮೇಡಂ, ಸಂಘದ ಠರಾವು ಒಮ್ಮೆ ನೋಡ್ಲ್ಯಾ? ಹಳೇದು ಇಟ್ಟು ಕಳಸಬಹುದಾ ಅಂತ..."

ಬುಚ್ಚಮ್ಮ ಸರಿತಾಳ ಕೈಯಿಂದ ಫೋನು ತೆಗೆದುಕೊಂಡಳು.

"ಕಳಸಪಾ."

ಕಳಿಸಿದ.